ಕೊಡುವವರ ಷರತ್ತು, ಹೋಗುವವರ ಲೆಕ್ಕ

1913ರ ಜೂನ್ ತಿಂಗಳಲ್ಲಿ ಇಪ್ಪತ್ತೆರಡು ವರ್ಷದ ಭೀಮರಾವ್ ಅಂಬೇಡ್ಕರ್ ಬರೋಡ ಸಂಸ್ಥಾನದೊಂದಿಗೆ ಒಂದು ಕರಾರಿಗೆ ಸಹಿ ಹಾಕಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಮೂರು ವರ್ಷ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಪ್ರತಿಯಾಗಿ ಗೊತ್ತುಪಡಿಸಿದ ವಿಷಯಗಳನ್ನೇ ಓದಬೇಕು. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆಯಲ್ಲಿರಬೇಕು. ಸ್ಕಾಲರ್‌ಶಿಪ್ ಪಡೆದು ವಿದೇಶದಲ್ಲಿ ಸ್ನಾತಕೋತ್ತರ ಓದುವ ವಿಚಾರದಲ್ಲಿ ಇವತ್ತಿಗೂ ಎದುರಾಗುವ ಪ್ರಶ್ನೆಗಳು ಆ ಕಾಗದದಲ್ಲೇ ಇದ್ದವು. ಹಣ ಯಾರದ್ದು, ಎಷ್ಟು ಕಾಲ, ಯಾವ ವಿಷಯಕ್ಕೆ, ವಾಪಸು ಬಂದು ಏನು ಮಾಡಬೇಕು.

ಆಮೇಲೆ ನಡೆದದ್ದೂ ಪಾಠವೇ. 1915ರಲ್ಲಿ ಎಂ.ಎ. ಮುಗಿಯಿತು. 1916ರಲ್ಲಿ ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1917ರಲ್ಲಿ ವೇತನದ ಅವಧಿ ತೀರಿತು; ಪ್ರಬಂಧ ಅರ್ಧಕ್ಕೇ ನಿಂತಿತು. ಕರಾರಿನಂತೆ ಬರೋಡಕ್ಕೆ ಬಂದು ಕೆಲಸಕ್ಕೆ ಹಾಜರಾದರೆ ಆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಹೆಸರು ಮರೆಸಿಕೊಂಡು ಉಳಿದಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಹಾಕಿದರು. ಕಲಿಯಲು ಹಣ ಕೊಟ್ಟ ಸಂಸ್ಥಾನಕ್ಕೆ ಕಲಿತು ಬಂದವನನ್ನು ಇರಿಸಿಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ. 1920ರಲ್ಲಿ ಅವರು ಲಂಡನ್ನಿಗೆ ಮತ್ತೆ ಹೋದದ್ದು ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಒಬ್ಬ ಪಾರ್ಸಿ ಗೆಳೆಯನ ಸಾಲದ ಬಲದ ಮೇಲೆ.

ವಿದ್ಯಾರ್ಥಿವೇತನ ಎಂದೊಡನೆ ನಾವು ಮೊತ್ತ ಕೇಳುತ್ತೇವೆ. ಮೊತ್ತಕ್ಕಿಂತ ಮುಖ್ಯವಾದವು ಇನ್ನೆರಡು: ಹಣ ಯಾವಾಗ ಕೈಸೇರುತ್ತದೆ, ಯಾವ ಷರತ್ತಿನ ಮೇಲೆ. ಹಿಂದಿನ ಸುಮಾರು ನೂರೆಂಬತ್ತು ವರ್ಷಗಳ ಕಥೆಯನ್ನು ಹೀಗೆ ಓದಿದರೆ ಇಂದಿನ ಗೊಂದಲವೂ ಸ್ವಲ್ಪ ತಿಳಿಯಾಗುತ್ತದೆ.

ಕೊಡುವವರು ಎಂದೂ ಸುಮ್ಮನೆ ಕೊಟ್ಟಿಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತ ದೀಕ್ಷೆ ಪಡೆದು, 1846ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿ ಮೋಗ್ಲಿಂಗ್ ಜೊತೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಮಿಶನ್ನಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ಮಿಶನರಿಯಾಗಿ ಮರಳಿದರು. ಕನ್ನಡನಾಡಿನಿಂದ ಯುರೋಪಿಗೆ ಇನ್ನೊಬ್ಬರ ಖರ್ಚಿನಲ್ಲಿ ಓದಲು ಹೋದ ಮೊದಮೊದಲ ಹೆಸರುಗಳಲ್ಲಿ ಅವರದೂ ಒಂದು. ಕಳಿಸಿದವರ ಉದ್ದೇಶದಲ್ಲಿ ಮುಚ್ಚುಮರೆ ಏನಿರಲಿಲ್ಲ. ಕೆಲವು ದಶಕ ಕಳೆದ ಮೇಲೆ, 1882ರಲ್ಲಿ, ಬಂಗಾಳದ ಪ್ರಫುಲ್ಲಚಂದ್ರ ರಾಯ್ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಗೆದ್ದು ಎಡಿನ್‌ಬರೋಗೆ ಹೋದರು. ಡಿ.ಎಸ್ಸಿ. ಪಡೆದು ಬಂದವರಿಗೆ ಉನ್ನತ ದರ್ಜೆಯ ಶಿಕ್ಷಣ ಸೇವೆಯ ಬಾಗಿಲು ತೆರೆಯಲಿಲ್ಲ; ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿಯ ತಾತ್ಕಾಲಿಕ ಕೆಲಸ ಸಿಕ್ಕಿತು. ಸಾಮ್ರಾಜ್ಯ ಓದಿಸುತ್ತಿತ್ತು, ಸರಿಸಮನಾಗಿ ಕೂರಿಸುತ್ತಿರಲಿಲ್ಲ.

ಬರೋಡದ ಕರಾರಿಗೆ ಪಕ್ಕಾ ಉಲ್ಟಾ ಷರತ್ತನ್ನು ಹಾಕಿದವರು ಶ್ಯಾಮಜಿ ಕೃಷ್ಣವರ್ಮ. 1905ರ ಸುಮಾರಿಗೆ ಲಂಡನ್ನಿನಿಂದ ಅವರು ಘೋಷಿಸಿದ ಫೆಲೋಶಿಪ್‌ಗಳ ಮೊತ್ತ ತಲಾ 2,000 ರೂಪಾಯಿ. ನಿಯಮ ಒಂದೇ: ಪಡೆದವರು ಭಾರತಕ್ಕೆ ಮರಳಿದ ಮೇಲೆ ಬ್ರಿಟಿಷ್ ಸರ್ಕಾರದ ಯಾವ ಹುದ್ದೆಯನ್ನೂ ಒಪ್ಪಬಾರದು. ಬರೋಡದವರು ನಮ್ಮ ಕೆಲಸಕ್ಕೇ ಬಾ ಎಂದರೆ ಇವರು ಅವರ ಕೆಲಸಕ್ಕೆ ಹೋಗಬೇಡ ಎಂದರು. ಎರಡೂ ಬಾಂಡೇ.

ಇವರ ನಡುವೆ ಜೆಮ್‌ಷೆಟ್‌ಜಿ ಟಾಟಾ ಬೇರೆಯದೇ ಜಾಡು ಹಿಡಿದರು. 1892ರಲ್ಲಿ ಅವರು ಆರಂಭಿಸಿದ ದತ್ತಿ ದಾನವನ್ನಲ್ಲ, ಸಾಲವನ್ನು ಕೊಡುತ್ತದೆ. ದುಡಿಯಲು ಆರಂಭಿಸಿದ ಮೇಲೆ ತೀರಿಸಿದ ಹಣ ಮುಂದಿನ ವಿದ್ಯಾರ್ಥಿಗೆ ಹೋಗುತ್ತದೆ. ಮೊದಲಿಗೆ ಪಡೆದವರು ಇಬ್ಬರು ಮಹಿಳಾ ವೈದ್ಯರು, ಫ್ರೇನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ್. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್, ತುಮಕೂರು ಸೀಮೆಯ ತಿಪಟೂರಿನಲ್ಲಿ ಹುಟ್ಟಿ ಅಣುವಿಜ್ಞಾನಿಯಾದ ರಾಜಾ ರಾಮಣ್ಣ, ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಇದೇ ಹಣದ ಆಸರೆಯಲ್ಲಿ ಇಂಗ್ಲೆಂಡಿಗೆ ಹೋದವರು. ವಿಷಯ, ಊರು, ನೌಕರಿ ಯಾವುದರ ಮೇಲೂ ಹಿಡಿತ ಇಟ್ಟುಕೊಳ್ಳದ ಈ ಮಾದರಿ ನನಗೆ ಇವತ್ತಿಗೂ ಎಲ್ಲಕ್ಕಿಂತ ಮರ್ಯಾದಸ್ಥ ಅನ್ನಿಸುತ್ತದೆ. ಸಾಲ ತೀರಿಸುವ ಧೈರ್ಯ ಎಲ್ಲರ ಮನೆಯಲ್ಲೂ ಇರುವುದಿಲ್ಲ ಎಂಬುದು ಅದರ ಮಿತಿ.

ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ದೇಶ ಕಟ್ಟಲು ತಜ್ಞರು ಬೇಕೆಂದು ಸರ್ಕಾರವೇ ವಿದ್ಯಾರ್ಥಿಗಳನ್ನು ಹೊರಗೆ ಕಳಿಸತೊಡಗಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ್ದ ರಾಜೇಶ್ವರಿ ಚಟರ್ಜಿ ಹಾಗೆ ಆಯ್ಕೆಯಾಗಿ 1947ರಲ್ಲಿ ಯುದ್ಧದ ಪಡೆಗಳನ್ನು ಸಾಗಿಸುತ್ತಿದ್ದ ಹಡಗೊಂದನ್ನು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನಲ್ಲಿ ಪ್ರಾಯೋಗಿಕ ತರಬೇತಿ ಆದ ಮೇಲೆ 1949ರಲ್ಲಿ ಅದೇ ವಿಶ್ವವಿದ್ಯಾಲಯದ ಬಾರ್ಬರ್ ಸ್ಕಾಲರ್‌ಶಿಪ್ ಸಿಕ್ಕಿತು. ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಇದ್ದ ವೇತನ ಅದು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೂಡ ಅದನ್ನು ಪಡೆದವರು. ರಾಜೇಶ್ವರಿ 1953ರಲ್ಲಿ ಡಾಕ್ಟರೇಟ್ ಮುಗಿಸಿ ಬಂದು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಮೈಕ್ರೋವೇವ್ ತಂತ್ರಜ್ಞಾನದ ಸಂಶೋಧನೆಗೆ ಅಡಿಪಾಯ ಹಾಕಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಒಂದು ವೇತನ ತೀರುವ ಹೊತ್ತಿಗೆ ಇನ್ನೊಂದು ಸಿಕ್ಕಿತೆಂಬುದನ್ನು ಗಮನಿಸಿ. ಅಂಬೇಡ್ಕರರಿಗೆ 1917ರಲ್ಲಿ ದಕ್ಕದೇ ಹೋದದ್ದು ಅದೇ.

ಕನ್ನಡ ಸಾಹಿತ್ಯಕ್ಕೂ ಈ ವಿದೇಶಿ ಹಣಕ್ಕೂ ಇರುವ ನಂಟನ್ನು ಒಬ್ಬ ಸಂಶೋಧಕ ಕೂತು ಪೂರ್ತಿ ಬರೆಯಬೇಕು. 1960ರ ಸುಮಾರಿನ ಕೆಲವೇ ವರ್ಷಗಳಲ್ಲಿ ಮೂವರು ಮೂರು ಬೇರೆ ಬೇರೆ ವೇತನಗಳ ಮೇಲೆ ಹೊರಟರು. ಧಾರವಾಡದಲ್ಲಿ ಗಣಿತ ಓದಿದ್ದ ಗಿರೀಶ ಕಾರ್ನಾಡರು ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡಿಗೆ; ಮೈಸೂರಿನ ಎ.ಕೆ. ರಾಮಾನುಜನ್ ಫುಲ್‌ಬ್ರೈಟ್ ಮೇಲೆ ಇಂಡಿಯಾನ ವಿಶ್ವವಿದ್ಯಾಲಯಕ್ಕೆ. ಇಂಗ್ಲಿಷ್ ಮೇಷ್ಟರಾಗಿದ್ದ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಮೇಲೆ ಬರ್ಮಿಂಗ್‌ಹ್ಯಾಮಿಗೆ.

ಕೊಟ್ಟವರು ಕೇಳಿದ್ದು ಒಂದು, ಕನ್ನಡಕ್ಕೆ ಸಿಕ್ಕಿದ್ದು ಇನ್ನೊಂದು. ಕಾರ್ನಾಡರಿಗೆ ಇಂಗ್ಲಿಷ್ ಕವಿಯಾಗುವ ಆಸೆಯಿತ್ತು. ಹೊರಡುವ ಮುಂಚಿನ ದಿನಗಳಲ್ಲಿ ಮನೆಯವರಿಗೆ ಮಗ ಮರಳುತ್ತಾನೋ ಇಲ್ಲವೋ ಎಂಬ ಆತಂಕ. ಆ ಕಾವಿನಲ್ಲಿ, ತಮಗೇ ಅಚ್ಚರಿಯಾಗುವಂತೆ, ಕನ್ನಡದಲ್ಲಿ ಬಂದದ್ದು ‘ಯಯಾತಿ’. ತಂದೆಗೆ ತನ್ನ ಯೌವನ ಕೊಡುವ ಮಗನ ಕಥೆ. ಅವರು ಆಕ್ಸ್‌ಫರ್ಡಿನಲ್ಲಿ ಇದ್ದಾಗಲೇ, 1961ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು. ಅನಂತಮೂರ್ತಿ ಅಲ್ಲಿ ಬರೆಯಬೇಕಿದ್ದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲಿನ ಪ್ರಬಂಧ. ಅದನ್ನು ಬರೆದು ಮುಗಿಸಿ 1966ರಲ್ಲಿ ಡಾಕ್ಟರೇಟನ್ನೂ ಪಡೆದರು. ನಡುವೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಸಬ್‌ಟೈಟಲ್ ಇಲ್ಲದೆ ನೋಡಿ ಬಂದ ಹೊತ್ತಿನ ಚಿಂತನೆ ‘ಸಂಸ್ಕಾರ’ವಾಯಿತು. ಕಾಮನ್‌ವೆಲ್ತ್‌ನವರ ಕಡತದಲ್ಲಿ ಆ ವರ್ಷಗಳ ಫಲವೆಂದು ಪಿಎಚ್‌ಡಿಯ ಹೆಸರೇ ಇರಬೇಕು!

ರಾಮಾನುಜನ್ ಮರಳಲಿಲ್ಲ. ಷಿಕಾಗೋದಲ್ಲಿ ಉಳಿದರು. ಅಲ್ಲಿಂದಲೇ ಕನ್ನಡ ಕವಿತೆ ಬರೆದರು, 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ಕೊಟ್ಟರು. ಬಸವಣ್ಣ, ಅಲ್ಲಮ, ಅಕ್ಕರನ್ನು ಹೊರಜಗತ್ತು ಓದಿದ್ದು ಬಹುಮಟ್ಟಿಗೆ ಆ ಪುಸ್ತಕದಿಂದ. ಕಾರ್ನಾಡರು 1963ರಲ್ಲಿ ಬಂದು ಮದ್ರಾಸಿನ ಪ್ರಕಾಶನ ಸಂಸ್ಥೆಯ ಕೆಲಸಕ್ಕೆ ಸೇರಿದರು. ಅನಂತಮೂರ್ತಿ ಪಾಠಕ್ಕೆ ಮರಳಿದರು. ಹೋದವರು ಬರಬೇಕೇ, ಅಲ್ಲೇ ಇರಬಹುದೇ ಎಂಬ ಹಳೆಯ ಜಗಳದಲ್ಲಿ ಈ ಮೂವರನ್ನು ಎದುರಿಗಿಟ್ಟುಕೊಂಡರೆ ಎರಡೂ ಕಡೆಯವರ ದನಿ ಸ್ವಲ್ಪ ತಗ್ಗುತ್ತದೆ.

ಈಗ ಇಂದಿನ ಪೇಟೆಗೆ ಬರೋಣ. ಮೊದಲು ಸುಳ್ಳು ಸ್ಕಾಲರ್‌ಶಿಪ್‌ಗಳನ್ನು ಪಕ್ಕಕ್ಕಿಡಬೇಕು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಕನ್ಸಲ್ಟೆನ್ಸಿ ಫಲಕಗಳಲ್ಲಿ ಕಾಣುವ ಬಹುಪಾಲು ‘ಸ್ಕಾಲರ್‌ಶಿಪ್’ ಶುಲ್ಕದಲ್ಲಿ ಕೊಡುವ ರಿಯಾಯಿತಿ ಅಷ್ಟೇ. ಇಪ್ಪತ್ತು ಸಾವಿರ ಪೌಂಡ್ ಶುಲ್ಕದಲ್ಲಿ ಮೂರೋ ನಾಲ್ಕೋ ಸಾವಿರ ಕಡಿಮೆ ಮಾಡಿ ಅಭಿನಂದನಾ ಪತ್ರ ಕಳಿಸುತ್ತಾರೆ. ಉಳಿದ ಶುಲ್ಕ, ಬಾಡಿಗೆ, ಊಟ ಎಲ್ಲಕ್ಕೂ ಬ್ಯಾಂಕಿನ ಸಾಲವೇ ಗತಿ. ಆಷಾಢದ ಸೀರೆ ಅಂಗಡಿಯ ಲೆಕ್ಕ ಗೊತ್ತಿರುವ ಯಾವ ಗೃಹಿಣಿಯಾದರೂ ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಮಗನ ಹೆಸರಿರುವ ಪತ್ರ ಬಂದಾಗ ಮಾತ್ರ ಮನೆಯವರ ಕಣ್ಣು ಮಂಜಾಗುತ್ತದೆ.

ನಿಜವಾಗಿ ಪೂರ್ತಿ ಖರ್ಚು ಭರಿಸುವವು ಕೆಲವೇ. ಬ್ರಿಟನ್ ಸರ್ಕಾರದ ಚೀವ್ನಿಂಗ್ 1983ರಿಂದ ಇದೆ; ಒಂದು ವರ್ಷದ ಮಾಸ್ಟರ್ಸ್‌ಗೆ. ಸುಮಾರು ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆನ್ನುತ್ತದೆ. ಅದು ಹುಡುಕುವುದು ನಾಳೆ ಅಧಿಕಾರಿಯೋ ಸಂಪಾದಕನೋ ಆಗಿ ಬ್ರಿಟನ್ನಿನ ಬಗ್ಗೆ ಒಳ್ಳೆಯ ಮಾತಾಡಬಲ್ಲ ವ್ಯಕ್ತಿಯನ್ನು; ರ‍್ಯಾಂಕ್ ಒಂದರಿಂದಲೇ ಅಲ್ಲಿ ಕೆಲಸ ಆಗುವುದಿಲ್ಲ. ಅಮೆರಿಕದ ಫುಲ್‌ಬ್ರೈಟ್ ಹುಟ್ಟಿದ್ದು 1946ರಲ್ಲಿ, ಯುದ್ಧದಲ್ಲಿ ಉಳಿದ ಸಾಮಗ್ರಿ ಮಾರಿದ ಹಣದಿಂದ. ಭಾರತದೊಂದಿಗಿನ ಒಪ್ಪಂದ 1950ರದ್ದು. ಅದರ ವೀಸಾಕ್ಕೂ ಎರಡು ವರ್ಷ ತವರಿನಲ್ಲಿ ಇರಬೇಕೆಂಬ ಕಟ್ಟು ಇದೆ. ಗೇಟ್ಸ್ ಕೇಂಬ್ರಿಜ್, ಇನ್‌ಲ್ಯಾಕ್ಸ್, ರೋಡ್ಸ್ ತೀರ ಕೆಲವರಿಗೆ ಮಾತ್ರ ಸಿಗುವಂಥವು. ಅರ್ಜಿ ಹಾಕಿ, ನೆಚ್ಚಿಕೊಂಡು ಕೂರಬೇಡಿ. ಯುರೋಪಿನ ಎರಾಸ್ಮಸ್ ಮುಂಡಸ್ 2004ರಿಂದ ನಡೆಯುತ್ತಿದೆ. ಎರಡು ಮೂರು ದೇಶಗಳಲ್ಲಿ ಓದಿಸಿ ಶುಲ್ಕ ಮನ್ನಾ ಮಾಡಿ ತಿಂಗಳಿಗೆ 1,400 ಯೂರೋ ಕೊಡುತ್ತದೆ. ಕಾಲೇಜು ಮುಗಿಸಿದ ಕೂಡಲೇ ಹಾಕಬಹುದು, ಮರಳುವ ಬಾಂಡ್ ಇಲ್ಲ. ನಮ್ಮ ಜಿಲ್ಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಷ್ಟು ಒಗ್ಗುವ ಇನ್ನೊಂದನ್ನು ನಾನು ಕಂಡಿಲ್ಲ. ಆದರೂ ಅದರ ಹೆಸರು ಅಲ್ಲಿ ಕೇಳಿಬರುವುದು ಅಪರೂಪ.

ಜರ್ಮನಿಯ ಕಥೆ ಬೇರೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಚೆಗೆ ಶುಲ್ಕ ಶುರುಮಾಡಿದೆ. ಉಳಿದೆಡೆ ತೊಡಕು ಶುಲ್ಕದ್ದಲ್ಲ. ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚನ್ನು ನಿರ್ಬಂಧಿತ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಉಚಿತ ಶಿಕ್ಷಣ ಪಡೆಯಲು ಮೊದಲು ಹತ್ತು ಲಕ್ಷ ರೂಪಾಯಿಗೂ ಮಿಕ್ಕಿ ಕೈಯಲ್ಲಿರಬೇಕು. ಜರ್ಮನ್ ವಿನಿಮಯ ಸಂಸ್ಥೆ ಡಿಎಎಡಿಯ ವೇತನ ಸಿಕ್ಕವರಿಗೆ ಈ ಕಾಟವಿಲ್ಲ.

ಇವೆಲ್ಲದರ ಆಚೆ, ಸ್ಕಾಲರ್‌ಶಿಪ್ ಎಂಬ ಹೆಸರಿಲ್ಲದ ಸ್ಕಾಲರ್‌ಶಿಪ್ಪೇ ಎಲ್ಲಕ್ಕಿಂತ ದೊಡ್ಡದು. ಅಮೆರಿಕದ ಪಿಎಚ್‌ಡಿ ವಿದ್ಯಾರ್ಥಿ ವಾರಕ್ಕೆ ಇಪ್ಪತ್ತು ಗಂಟೆ ಪಾಠ ಮಾಡಿಯೋ ಲ್ಯಾಬಿನಲ್ಲಿ ದುಡಿದೋ ಶುಲ್ಕ ಮನ್ನಾ ಮತ್ತು ತಿಂಗಳ ಸ್ಟೈಪೆಂಡ್ ಪಡೆಯುತ್ತಾನೆ. ಮೈಸೂರು ವಿಶ್ವವಿದ್ಯಾಲಯದ ಪದವೀಧರ ಸಿ.ಎನ್.ಆರ್. ರಾವ್ ಐವತ್ತರ ದಶಕದಲ್ಲಿ ಪರ್ಡ್ಯೂಗೆ ಹೋದದ್ದು ವಿಶ್ವವಿದ್ಯಾಲಯವೇ ಕೊಟ್ಟ ನೆರವಿನ ಮೇಲೆ. 1958ರಲ್ಲಿ ಡಾಕ್ಟರೇಟ್ ಪಡೆದು ಮರು ವರ್ಷವೇ ಬೆಂಗಳೂರಿಗೆ ಬಂದರು. ನೆದರ್ಲೆಂಡ್ಸ್, ಜರ್ಮನಿ, ಸ್ಕ್ಯಾಂಡಿನೇವಿಯಾಗಳಲ್ಲಿ ಪಿಎಚ್‌ಡಿ ಎಂದರೆ ಬಹುಪಾಲು ಸಂಬಳದ ನೌಕರಿ. ಪಿಂಚಣಿ ಕಡಿತ, ರಜೆ ಎಲ್ಲ ಉಂಟು. ಹೀಗಾಗಿ ಬಡವರ ಮನೆಯ ಮಕ್ಕಳಿಗೆ ಮಾಸ್ಟರ್ಸ್‌ಗಿಂತ ಪಿಎಚ್‌ಡಿಯೇ ಅಗ್ಗ. ನಮ್ಮ ಊರುಗಳಲ್ಲಿ ಈ ಮಾತನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಇದರಲ್ಲಿ ಕಮಿಷನ್ ಇಲ್ಲವಲ್ಲ.

ಆದರೆ ಈ ನೆಲವೂ ಅಲುಗುತ್ತಿದೆ. 2025ರಲ್ಲಿ ಅಮೆರಿಕದ ಸಂಶೋಧನಾ ಅನುದಾನ ಕಡಿತವಾದಾಗ ಕೆಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶವನ್ನೇ ಮೊಟಕುಗೊಳಿಸಿದವು. ಅದೇ ವರ್ಷ ಫುಲ್‌ಬ್ರೈಟ್ ಪಾವತಿಗಳು ಕೆಲಕಾಲ ನಿಂತವು; ಜೂನ್‌ನಲ್ಲಿ, ಆಯ್ಕೆಯಲ್ಲಿ ರಾಜಕೀಯ ಹಸ್ತಕ್ಷೇಪ ನಡೆದಿದೆಯೆಂದು ಅದರ ಮಂಡಳಿಯ ಹೆಚ್ಚುಕಡಿಮೆ ಎಲ್ಲ ಸದಸ್ಯರೂ ರಾಜೀನಾಮೆ ಕೊಟ್ಟರು. ಕೊಡುವವರ ಮನಸ್ಸು ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸ ಪುಸ್ತಕ ತೆರೆಯಬೇಕಾಗಿಲ್ಲ.

ನಮ್ಮದೇ ಸರ್ಕಾರದ ಹಣದತ್ತ ನೋಡಿದರೆ ಮತ್ತೆ ಅಂಬೇಡ್ಕರರೇ ಎದುರಾಗುತ್ತಾರೆ. ವೈಸ್‌ರಾಯ್ ಮಂಡಳಿಯ ಸದಸ್ಯರಾಗಿದ್ದಾಗ, 1942ರಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳು ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಓದಲು ಪ್ರತ್ಯೇಕ ಹಣ ಬೇಕೆಂದು ಅವರು ಮನವಿ ಸಲ್ಲಿಸಿದ್ದರು. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಎಂಬ ಕೇಂದ್ರದ ಯೋಜನೆ ಆರಂಭವಾದದ್ದು 1954-55ರಲ್ಲಿ. ಇಂದು ವರ್ಷಕ್ಕೆ 125 ಸ್ಥಾನ, ಅದರಲ್ಲಿ 115 ಪರಿಶಿಷ್ಟ ಜಾತಿಗೆ. ಉಳಿದವು ಅಲೆಮಾರಿ ಸಮುದಾಯಗಳು, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು, ವಯಸ್ಸು 35ರ ಒಳಗಿರಬೇಕು. ಶುಲ್ಕ, ವಿಮಾನದ ಖರ್ಚಿನ ಜೊತೆಗೆ ಜೀವನವೆಚ್ಚಕ್ಕೆ ವರ್ಷಕ್ಕೆ 15,400 ಡಾಲರ್. ಬ್ರಿಟನ್ನಿಗಾದರೆ 9,900 ಪೌಂಡ್. ಲಂಡನ್ನಿನ ಬಾಡಿಗೆ ಗೊತ್ತಿದ್ದವರು ಈ ಎರಡನೇ ಅಂಕಿಯನ್ನು ನೋಡಿ ನಿಟ್ಟುಸಿರು ಬಿಟ್ಟಾರು.

2022ರಲ್ಲಿ ಈ ಯೋಜನೆಗೆ ಒಂದು ಹೊಸ ನಿಯಮ ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಕುರಿತು ಓದುವವರಿಗೆ ಈ ಹಣ ಸಲ್ಲದು. ಇದನ್ನೆಲ್ಲ ದೇಶದೊಳಗೇ ಓದಬಹುದು ಎಂಬುದು ಸಮರ್ಥನೆ. ಕೊಲಂಬಿಯಾದಲ್ಲಿ ಅಂಬೇಡ್ಕರರು ಎಂ.ಎ.ಗೆ ಬರೆದದ್ದು ಪ್ರಾಚೀನ ಭಾರತದ ವಾಣಿಜ್ಯದ ಮೇಲೆ. 1916ರಲ್ಲಿ ಅಲ್ಲಿನ ಸೆಮಿನಾರಿನಲ್ಲಿ ಓದಿದ ಪ್ರಬಂಧ ಭಾರತದ ಜಾತಿಗಳ ಮೇಲೆ. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ಕರಾರಿನಲ್ಲೂ ವಿಷಯದ ಕಟ್ಟು ಇತ್ತು, ಆದರೆ ಅದು ಈ ಎರಡು ಬರಹಗಳಿಗೆ ಅಡ್ಡ ಬರಲಿಲ್ಲ. ದಲಿತ ವಿದ್ಯಾರ್ಥಿಗೆ ತನ್ನ ಸಮಾಜವನ್ನು ದೂರದಿಂದ ನಿಂತು ನೋಡುವ ಅವಕಾಶವೇ ಬೇಡವೆಂದರೆ ಆ ಯೋಜನೆಯ ಅರ್ಧ ಜೀವ ಹೋದಂತೆ ಎಂದೇ ನಾನು ಭಾವಿಸುತ್ತೇನೆ.

ಇನ್ನು ಕಾಲದ ಪ್ರಶ್ನೆ. 2025ರ ಜುಲೈ ಆರಂಭದಲ್ಲಿ, ಇದೇ ಕೇಂದ್ರ ಯೋಜನೆಗೆ ಆಯ್ಕೆಯಾದ 106 ಮಂದಿಯಲ್ಲಿ 40 ಜನರಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರ ಹೋಯಿತು. ಉಳಿದ 66 ಮಂದಿಗೆ ಹಣ ಲಭ್ಯವಾದರೆ ಕೊಡುವುದಾಗಿ ತಿಳಿಸಲಾಯಿತು. ತರಗತಿ ಶುರುವಾಗುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಅಮೆರಿಕದ ಬಹುತೇಕ ವಿಭಾಗಗಳಿಗೆ ಒಪ್ಪಿಗೆ ತಿಳಿಸಲು ಏಪ್ರಿಲ್ 15 ಕೊನೆ. ಬ್ರಿಟನ್ನಿನ ಅನೇಕ ಕೋರ್ಸುಗಳು ಸೀಟು ಹಿಡಿದಿಡಲು ಠೇವಣಿ ಕೇಳುತ್ತವೆ. ಜುಲೈಯಲ್ಲಿ ಬರುವ ಪತ್ರವನ್ನು ನಂಬಿ ಏಪ್ರಿಲ್‌ನಲ್ಲಿ ಒಪ್ಪಿಕೊಳ್ಳುವ ಧೈರ್ಯ ಯಾರಿಗಿರುತ್ತದೆ? ಮನೆಯಲ್ಲಿ ಬೇರೆ ಹಣ ಇದ್ದವರಿಗೆ. ಬಡವರಿಗೆಂದು ಮಾಡಿದ ಯೋಜನೆ ತನ್ನ ತಾರೀಕುಗಳ ಮೂಲಕವೇ ಬಡವರನ್ನು ಸೋಸಿ ಹೊರಗಿಡುತ್ತದೆ.

ಹೊರಡುವ ಮುಂಚಿನ ಖರ್ಚೂ ಸಣ್ಣದಲ್ಲ. ಇಂಗ್ಲಿಷ್ ಪರೀಕ್ಷೆಗೆ 16,000 ರೂಪಾಯಿಗೂ ಹೆಚ್ಚು, ಜಿಆರ್‌ಇ ಬರೆಯುವುದಾದರೆ ಅದಕ್ಕಿಂತ ಜಾಸ್ತಿ, ಒಂದೊಂದು ಅಮೆರಿಕನ್ ಅರ್ಜಿಗೂ ನೂರು ಡಾಲರಿನ ಆಸುಪಾಸು. ಬ್ರಿಟನ್ನಿನ ವೀಸಾಕ್ಕೆ ಆರೋಗ್ಯ ಸೇವೆಯ ಶುಲ್ಕವೇ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಹೋದ ಮೇಲೆ ಮನೆಯ ಮುಂಗಡ, ಮೊದಲ ತಿಂಗಳ ಬಾಡಿಗೆ, ಚಳಿಗಾಲದ ಕೋಟು. ವೇತನದ ಮೊದಲ ಕಂತು ಇವೆಲ್ಲ ಆದ ಮೇಲೆ ಬರುವುದು ವಾಡಿಕೆ. ಹೊಲ ಅಡವಿಡುವುದು, ಅಕ್ಕನ ಸರ ಬ್ಯಾಂಕಿಗೆ ಹೋಗುವುದು ಸ್ಕಾಲರ್‌ಶಿಪ್ ಸಿಗದವರ ಮನೆಯಲ್ಲಿ ಮಾತ್ರವಲ್ಲ, ಸಿಕ್ಕವರ ಮನೆಯಲ್ಲೂ. ಬಂದ ಸ್ಟೈಪೆಂಡಿನಲ್ಲಿ ಉಳಿಸಿ ಊರಿಗೆ ಕಳಿಸುವುದೂ ಹೊಸದಲ್ಲ. 1914ರಲ್ಲಿ ಕೇಂಬ್ರಿಜ್‌ಗೆ ಹೋದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಮದ್ರಾಸ್ ವಿಶ್ವವಿದ್ಯಾಲಯ ಕೊಟ್ಟ ವರ್ಷಕ್ಕೆ 250 ಪೌಂಡಿನಲ್ಲಿ ಒಂದು ಪಾಲು ತಾಯಿಗೆ ಸೇರುವಂತೆ ಮಾಡಿಯೇ ಹಡಗು ಹತ್ತಿದ್ದರು.

ಕರ್ನಾಟಕ ಸರ್ಕಾರದ ಸಮಾಜ ಕಲ್ಯಾಣ ಇಲಾಖೆಯಲ್ಲಿ ‘ಪ್ರಬುದ್ಧ’ ಯೋಜನೆ ಇದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕುಟುಂಬದ ಆದಾಯ ನೋಡಿ ನೆರವು ನೀಡುತ್ತದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದೇಶದ ಓದಿಗೆ ಸಾಲ ಕೊಡುತ್ತದೆ. ಕೇಂದ್ರದಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಶಿಕ್ಷಣ ಸಾಲಕ್ಕೆ ಬಡ್ಡಿ ಭರಿಸುತ್ತಿದ್ದ ‘ಪಢೋ ಪರದೇಶ್’ 2022-23ರಿಂದ ನಿಂತುಹೋದ ಮೇಲೆ ರಾಜ್ಯದ ಈ ಬಾಗಿಲಿನ ಮಹತ್ವ ಹೆಚ್ಚಿದೆ.

ಈ ರಾಜ್ಯ ಯೋಜನೆಗಳಿಗೆ ಹೊಸ ಹಣ ಸುರಿಯುವ ಮುಂಚೆ ಮಾಡಬಹುದಾದ ಕೆಲಸಗಳಿವೆ. ಆಯ್ಕೆಪಟ್ಟಿ ಮಾರ್ಚ್ ಮುಗಿಯುವುದರೊಳಗೆ ಬರಲಿ. ಆಯ್ಕೆಯಾದವರಿಗೆ ವೀಸಾ, ಠೇವಣಿ, ಮೊದಲ ತಿಂಗಳ ಬಾಡಿಗೆಗೆ ಸಾಲುವಷ್ಟು ಮುಂಗಡ ಟಿಕೆಟ್ ಕೊಳ್ಳುವ ಮೊದಲೇ ಖಾತೆಗೆ ಬೀಳಲಿ. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಕೊಡುವ ನಾಡಕಚೇರಿಗೆ ಅರ್ಜಿಯ ಕೊನೆಯ ದಿನಾಂಕ ಮೊದಲೇ ತಿಳಿದಿರಲಿ. ಎರಾಸ್ಮಸ್ ಮುಂಡಸ್ ಅರ್ಜಿಗಳು ಅಕ್ಟೋಬರಿನಿಂದ ಜನವರಿಯ ನಡುವೆ ನಡೆಯುತ್ತವೆ. ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ಪದವಿಯ ಅಂತಿಮ ವರ್ಷದಲ್ಲಿರುವ ಹುಡುಗಿ ದಸರಾ ರಜೆಯಲ್ಲಿ ಶಿಫಾರಸು ಪತ್ರ ಕೇಳಲು ಮೇಷ್ಟರ ಮನೆಗೆ ಹೋದಾಗ, ಆ ಮೇಷ್ಟರಿಗೂ ಅದನ್ನು ಬರೆಯುವ ರೀತಿ ಗೊತ್ತಿರಬೇಕು. ವಿಶ್ವವಿದ್ಯಾಲಯಗಳು ಅದಕ್ಕಾಗಿ ಅಧ್ಯಾಪಕರಿಗೆ ಒಂದು ದಿನದ ತರಬೇತಿ ಇಟ್ಟರೆ ಇಲಾಖೆಯ ಅನುಮತಿಗೂ ಕಾಯಬೇಕಾಗಿಲ್ಲ.